ಸಾಂತವ್ವ ಯಾಕೆ ಕೂಗಲಿಲ್ಲ

"ಗುರುಗಳೇ, ಸೇವೆಯಲ್ಲಿ ನಾನು ಎಲ್ಲಿ ತಪ್ಪಿದೆ?" ಎಂದು ಶಿಷ್ಯ ಕೇಳಿದ.

ಮಠದ ಹಿಂಬದಿಯ ಕೋಣೆಗಳಲ್ಲಿ ಅಲ್ಪ ಬಾಡಿಗೆಗೆ ನೆಲೆಸಿದ್ದ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಅವನದಾಗಿತ್ತು. "ಅವರಿಗೆ ಸೂರಿದೆ, ಊಟವಿದೆ, ಔಷಧವಿದೆ. ದಿನವೂ ಹೋಗಿ ಏನು ಬೇಕು ಎಂದು ವಿಚಾರಿಸುತ್ತೇನೆ. ಏನೂ ಬೇಡ ಎನ್ನುತ್ತಾರೆ. ಆದರೂ ಅವರ ಮುಖ ಬಾಡುತ್ತಲೇ ಇದೆ" ಎಂದ.

ಗುರುಗಳು ಈ ಕತೆ ಹೇಳಿದರು.

ನೇಕಾರರ ಊರೊಂದರಲ್ಲಿ ಒಬ್ಬ ವರ್ತಕನಿದ್ದ. ದುಡಿಯುವ ಶಕ್ತಿ ಉಡುಗಿ, ಬಾಡಿಗೆ ಕಟ್ಟಲಾಗದೆ ಮನೆಯಿಂದ ಮನೆಗೆ ಅಲೆಯುವ ಮುದುಕರನ್ನು ಕಂಡು ಅವನಿಗೆ ಸಂಕಟವಾಯಿತು. ಊರ ಅಂಚಿನಲ್ಲಿ ಜಾಗ ಕೊಂಡು ಸಾಲಾಗಿ ಕೋಣೆಗಳನ್ನು ಕಟ್ಟಿಸಿದ. ಅವರ ಕೈಗೆ ಎಟಕುವಷ್ಟೇ ಬಾಡಿಗೆ ಇಟ್ಟ. ಕಾಲು ಎಡವಬಾರದೆಂದು ಹೊಸ್ತಿಲುಗಳನ್ನು ತಗ್ಗಿಸಿದ. ಒಲೆ ಊದುವ ಕಷ್ಟ ಬೇಡವೆಂದು ಬೇಯಿಸಿದ ಅನ್ನವೇ ಬಾಗಿಲಿಗೆ ಬರುವಂತೆ ಮಾಡಿದ. ವೈದ್ಯನನ್ನು ಗೊತ್ತುಮಾಡಿದ. ಎಲ್ಲವನ್ನೂ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕನನ್ನಿಟ್ಟ.

ವರ್ತಕ ಆಗಾಗ ಬಂದು ಎಲ್ಲರನ್ನೂ ಮಾತಾಡಿಸುತ್ತಿದ್ದ. ಮೊದಮೊದಲು ಅವರು, "ಕೂತುಕೊಳ್ಳಿ ಸಾಹುಕಾರರೇ, ಚಹಾ ಕುಡಿದು ಹೋಗಿ" ಎನ್ನುತ್ತಿದ್ದರು. ಬಡವರಿಂದ ಏನನ್ನೂ ಪಡೆಯಬಾರದೆಂಬುದು ಅವನ ನೇಮ. ನೀರನ್ನು ಸಹ ಮುಟ್ಟುತ್ತಿರಲಿಲ್ಲ. ಬರಬರುತ್ತ ಅವರು ಕರೆಯುವುದನ್ನು ಬಿಟ್ಟರು. ಅವರು ಏನನ್ನೂ ಕೇಳುತ್ತಿರಲಿಲ್ಲ. ಕೊರತೆ ಇಲ್ಲದ್ದರಿಂದ ಕೇಳುತ್ತಿಲ್ಲ ಎಂದು ವರ್ತಕ ಸಂತೋಷಪಟ್ಟ.

ಆ ಸಾಲಿನಲ್ಲಿ ಸಾಂತವ್ವ ಎಂಬ ಮುದುಕಿ ಇದ್ದಳು. ಹರೆಯದಿಂದಲೂ ಕಂಡವರ ಮನೆಗಳಲ್ಲಿ ರೊಟ್ಟಿ ಬಡಿದು ಬದುಕಿದವಳು. ಪಕ್ಕದ ಕೋಣೆಯಲ್ಲಿ ಇಮಾಮಸಾಬ ಎಂಬ ಮುದುಕ. ಮಗ್ಗದ ಮುಂದೆ ಆಯುಷ್ಯ ಸವೆಸಿದವನು, ಕಣ್ಣು ಮಂಜಾಗಿತ್ತು. ಇಬ್ಬರ ನಡುವೆ ಒಂದೇ ಗೋಡೆ. ಅವನ ಕೆಮ್ಮು ಅವಳಿಗೆ ಕೇಳುತ್ತಿತ್ತು, ಅವಳ ಬಳೆಯ ಸದ್ದು ಅವನಿಗೆ. ಮಾತು ಮಾತ್ರ ಇರಲಿಲ್ಲ.

ಒಂದು ಬೆಳಗ್ಗೆ ಸಾಂತವ್ವ ನೀರಿನ ಕೊಡದ ಬಳಿ ಜಾರಿಬಿದ್ದಳು. ಏಳಲಾಗಲಿಲ್ಲ. ಅಂಗಳದಲ್ಲಿ ಮೇಲ್ವಿಚಾರಕ ಓಡಾಡುತ್ತಿದ್ದ. ಅವಳು ಕೂಗಲಿಲ್ಲ. ಮಧ್ಯಾಹ್ನ ಅನ್ನ ತಂದವಳು ಬಾಗಿಲು ತಳ್ಳಿದಾಗ ಸಾಂತವ್ವ ಒದ್ದೆ ನೆಲದ ಮೇಲೆ ಹಾಗೆಯೇ ಬಿದ್ದಿದ್ದಳು.

ವರ್ತಕ ಓಡಿಬಂದ. ವೈದ್ಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ.

"ಯಾಕವ್ವಾ ಕೂಗಲಿಲ್ಲ?" ಎಂದು ವರ್ತಕ ಕೇಳಿದ.

"ಇಷ್ಟು ಕಡಿಮೆ ಬಾಡಿಗೆಗೆ ಇಷ್ಟೆಲ್ಲ ಕೊಟ್ಟಿದ್ದೀರಿ. ಇದರ ಮೇಲೆ ಮತ್ತೆ ಕೂಗಿ ಕರೆಯೋದು ಹ್ಯಾಗೆ, ಸಾಹುಕಾರರೇ?" ಎಂದಳು.

ಬಾಗಿಲಲ್ಲಿ ನಿಂತಿದ್ದ ಇಮಾಮಸಾಬ ತಲೆ ತಗ್ಗಿಸಿ, "ಕೊಡ ಉರುಳಿದ್ದು ನನಗೆ ಕೇಳಿಸಿತ್ತು. ಕಣ್ಣಿಲ್ಲದ ನಾನು ಹೋಗಿ ಏನು ಮಾಡೋದಿದೆ ಅಂತ ಸುಮ್ಮನಾದೆ" ಎಂದ.

ವರ್ತಕ ಇನ್ನೂ ಇಬ್ಬರು ಆಳುಗಳನ್ನು ನೇಮಿಸಿದ. ಅವರು ಕೋಣೆ ಕೋಣೆಗೂ ಇಣುಕಿ ನೋಡತೊಡಗಿದರು. ಮುದುಕರು ಬಾಗಿಲು ಮುಂದೆ ಮಾಡಿಕೊಂಡರು. ಸಾಂತವ್ವನ ಕಾಲು ವಾಸಿಯಾಯಿತು, ಅವಳು ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ತಂದಿಟ್ಟ ಅನ್ನ ಬಹುಪಾಲು ಹಾಗೆಯೇ ಹಿಂದಕ್ಕೆ ಹೋಗುತ್ತಿತ್ತು. ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಆದರೆ ಹೆಚ್ಚು ಕಾಲ ಉಳಿಯಲಾರಳು ಎಂದು ವೈದ್ಯ ಹೇಳಿದ.

ಒಮ್ಮೆ ವರ್ತಕ ಪಕ್ಕದ ಊರಿನ ಸಂತೆ ಮುಗಿಸಿಕೊಂಡು ಬಿಸಿಲಿನಲ್ಲಿ ಹಿಂದಿರುಗುತ್ತಿದ್ದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಸಾಂತವ್ವನನ್ನು ನೋಡಿ ಹೋಗೋಣವೆಂದು ಒಳಗೆ ಬಂದವನಿಗೆ ತಲೆ ಸುತ್ತಿತು. ಗೋಡೆ ಹಿಡಿದು ನೆಲದ ಮೇಲೆ ಕುಳಿತುಬಿಟ್ಟ. ನೇಮ ನೆನಪಾಗಲಿಲ್ಲ.

"ಅವ್ವಾ, ತಿನ್ನಲಿಕ್ಕೆ ಏನಾದರೂ ಇದೆಯೇನು?" ಎಂದು ಕೇಳಿದ.

ಸಾಂತವ್ವ ಹೊರಳಿ ನೋಡಿದಳು. ಅನ್ನದ ಪಾತ್ರೆಯನ್ನು ಆಗಲೇ ಒಯ್ದಾಗಿತ್ತು. ಅವಳು ಕೈಯೂರಿ ಎದ್ದಳು. ಡಬ್ಬಿಯ ತಳದಲ್ಲಿ ಅವಳು ತೆಗೆದಿರಿಸಿದ್ದ ಜೋಳದ ಹಿಟ್ಟು ಇತ್ತು. ಮೂಲೆಯ ಒಲೆಯಲ್ಲಿ ಬಹುಕಾಲದಿಂದ ಬೆಂಕಿ ಹೊತ್ತಿರಲಿಲ್ಲ. ಅವಳು ಗೋಡೆಯನ್ನು ದಬದಬ ಬಡಿದಳು.

"ಇಮಾಮಣ್ಣಾ, ನೀನು ಬೀಡಿ ಸೇದೋದು ನನಗೆ ಗೊತ್ತು. ಕಡ್ಡಿಪೆಟ್ಟಿಗೆ ತಗೊಂಡು ಬಾ. ಸಾಹುಕಾರರು ಹಸಿದಾರೆ."

ಇಮಾಮಸಾಬ ಗೋಡೆ ಸವರಿಕೊಂಡು ಬಂದ. ಬರುವಾಗ ಆಚೆ ಕೋಣೆಯವಳಿಗೂ ಹೇಳಿ ಬಂದಿದ್ದ. ಅವಳು ಸೆರಗಿನಲ್ಲಿ ಪುಳ್ಳೆ ಕಟ್ಟಿಗೆಯನ್ನೂ ರೊಟ್ಟಿಗೆ ಹಚ್ಚಿಕೊಳ್ಳಲು ಒಂದು ಮುಷ್ಟಿ ಶೇಂಗಾ ಹಿಂಡಿಯನ್ನೂ ತಂದಳು. ಇಮಾಮಸಾಬ ಒಲೆಯ ಮುಂದೆ ಕುಳಿತು, ಕಾವನ್ನು ಅಂಗೈಯಿಂದಲೇ ಅಳೆಯುತ್ತ ಉರಿ ನೋಡಿಕೊಂಡ. ಸಾಂತವ್ವ ಬಿಸಿನೀರಿನಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದಳು. ಆ ಸದ್ದಿಗೆ ಒಂದೊಂದೇ ಬಾಗಿಲು ತೆರೆಯಿತು.

ಮೊದಲ ರೊಟ್ಟಿ ಮುಗಿಯಿತು. ಸಾಕವ್ವಾ ಎಂದು ವರ್ತಕ ಕೈ ಅಡ್ಡ ಹಿಡಿದ.

"ಸುಮ್ಮನೆ ತಿನ್ನಪ್ಪಾ. ಎಷ್ಟು ಸೊರಗಿದ್ದೀ ನೋಡು" ಎಂದು ಅವಳು ಇನ್ನೊಂದನ್ನು ಹಾಕಿದಳು. ಅಲ್ಲಿಯವರೆಗೆ ಅವನನ್ನು ನೀವು ಎಂದೇ ಕರೆಯುತ್ತಿದ್ದವಳು. ವರ್ತಕ ತಲೆಯೆತ್ತದೆ ತಿಂದ. ಉಳಿದ ಹಿಟ್ಟಿನಲ್ಲಿ ಆದ ರೊಟ್ಟಿಯನ್ನು ಸಾಂತವ್ವ, ಇಮಾಮಸಾಬ, ಆಚೆ ಕೋಣೆಯವಳು ಮುರಿದು ಹಂಚಿಕೊಂಡರು.

ಆಮೇಲೂ ವೈದ್ಯ ಬರುತ್ತಿದ್ದ, ಅನ್ನವೂ ಬರುತ್ತಿತ್ತು. ಇಣುಕುವ ಆಳುಗಳನ್ನು ಮಾತ್ರ ವರ್ತಕ ಬೇರೆ ಕೆಲಸಕ್ಕೆ ಹಾಕಿದ. ಯಾರ ಬಾಗಿಲು ಬೆಳಗ್ಗೆ ತೆರೆಯಲಿಲ್ಲ ಎಂಬುದನ್ನು ಈಗ ಪಕ್ಕದವರೇ ನೋಡುತ್ತಿದ್ದರು. ಮಳೆಗಾಲದಲ್ಲಿ ಇಮಾಮಸಾಬನಿಗೆ ಜ್ವರ ಏರಿದಾಗ ಅವನು, "ತಂಗೀ" ಎಂದು ಒಮ್ಮೆ ಕೂಗಿದ. ಸಾಂತವ್ವ ಗಂಜಿ ಕಾಯಿಸಿಕೊಂಡು ಹೋದಳು. ಅವನು ಗುಣವಾಗಿ ಎದ್ದು ಓಡಾಡುವವರೆಗೆ ಹಗಲೆಲ್ಲ ಅವನ ಬಳಿಯೇ ಕುಳಿತು, ಬೀಡಿ ಬಿಡು ಎಂದು ಬೈಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಅವರಿಗೆ ಇನ್ನೇನು ಒಯ್ಯಲಿ?" ಎಂದು ಶಿಷ್ಯ ಕೇಳಿದ.

"ನಾಳೆ ಅವರ ಬಳಿಗೆ ಹಸಿದು ಹೋಗು" ಎಂದರು ಗುರುಗಳು.