ತುದಿಯಿಂದ ಬಾಡಿದ ನರ

ನದಿ ದಂಡೆಯ ನಮ್ಮ ಪ್ರಯೋಗಾಲಯಕ್ಕೆ ನೀಲಾಂಬಿಕೆ ಮೇಡಂ ಗುರು. ಅವರ ಶಿಷ್ಯ ಫಕೀರೇಶ. ಮೇಡಂ ಬಾಯಿಂದ ಒಂದು ಹೊಗಳಿಕೆ ಬೀಳಲಿ ಅಂತ, ಅಬ್ಬಾ, ನಾವೆಲ್ಲ ಕಾದು ಕಾದು ಸುಸ್ತಾದವರೇ.

ಚಂಪಾ ಎಂಬ ಹುಡುಗಿಯ ಕಾಲಿನ ಬಲ ದಿನೇದಿನೇ ಕುಗ್ಗುತ್ತಿತ್ತು. ಒಳಗೆ ನರಗಳಿಗೆ ಏನಾಗುತ್ತಿದೆ ಎಂದು ಅವಳ ಮೈ ಬಿಚ್ಚಿ ನೋಡುವಂತಿಲ್ಲವಲ್ಲ! ಅದಕ್ಕೇ ಅವಳ ಚರ್ಮದ ಒಂದು ಚೂರು ತಂದು, ಅದರ ಜೀವಕೋಶಗಳಿಂದ ಗಾಜಿನ ಬಟ್ಟಲುಗಳಲ್ಲಿ ನರ ಬೆಳೆಸುವ ಕೆಲಸ ಫಕೀರೇಶನದು.

ಹಬ್ಬ ಹರಿದಿನ ಎನ್ನದೆ ಬಂದು ಅವಕ್ಕೆ ಆಹಾರದ ದ್ರವ ಬದಲಿಸುತ್ತಿದ್ದ. ನರಗಳು ಎಳೆ ಎಳೆಯಾಗಿ ಚಾಚಿಕೊಂಡವು.

ಒಂದು ಬೆಳಿಗ್ಗೆ ನೋಡಿದರೆ ಎಳೆಗಳು ಬಾಡಿವೆ.

ಫಕೀರೇಶ ಬಟ್ಟಲು ಹಿಡಿದು ಕಸದ ಡಬ್ಬಿಯ ಮುಚ್ಚಳ ತೆಗೆದ. ಅವನ ಕಣ್ಣು ತುಂಬಿತ್ತು.

"ಏನೋ ಅದು?" ಎಂದರು ಮೇಡಂ.

"ನನ್ನ ಕೈಗುಣವೇ ಸರಿಯಿಲ್ಲ ಮೇಡಂ. ಎಲ್ಲ ಎಸೆದು ಮೊದಲಿಂದ ಶುರು ಮಾಡ್ತೀನಿ."

"ಪಕ್ಕದ ಸಾಲಿನವು? ಅವೂ ಬಾಡಿದವಾ?"

"ಇಲ್ಲ. ಅವು ರೋಗವಿಲ್ಲದವರ ಕೋಶದವು. ಸೊಂಪಾಗಿವೆ."

"ಅವಕ್ಕೆ ಆಹಾರ ಹಾಕಿದ್ದು ಯಾರು?"

"ನಾನೇ. ಅದೇ ಶೀಸೆಯಿಂದ."

"ಚಂಪಾಳ ಉಳಿದ ಬಟ್ಟಲುಗಳು?"

"ಎಲ್ಲ ಹೀಗೇ ಮೇಡಂ. ಬುಡ ಚೆನ್ನಾಗಿದೆ, ತುದಿಯಿಂದ ಬಾಡ್ತಿವೆ."

"ಆ ಹುಡುಗಿಗೆ ಮೊದಲು ಬಲ ಹೋಗಿದ್ದು ಎಲ್ಲಿಂದ?"

"ಕಾಲ್ಬೆರಳಿನ ತುದಿ..."

ಫಕೀರೇಶ ಕಸದ ಡಬ್ಬಿಯಿಂದ ಹಿಂದೆ ಸರಿದ. ಕೈಯಲ್ಲಿದ್ದ ಬಟ್ಟಲನ್ನು ಎದೆಗವಚಿಕೊಂಡ.

ಮೇಡಂ ಎದ್ದರು. ತೋಳು ಹಿಡಿದು ಅವನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಆ ಕುರ್ಚಿಯಲ್ಲಿ ನಾವ್ಯಾರೂ ಕೂತವರಲ್ಲ!

"ಬನ್ರೋ, ಎಲ್ಲ ಬನ್ನಿ!" ಎಂದು ಕೂಗಿದರು. "ಯಾರ ಕಣ್ಣಿಗೂ ಬೀಳದ ಕಾಯಿಲೆನ ನಮ್ಮ ಫಕೀರೇಶ ಮೇಜಿನ ಮೇಲೆ ತಂದಿಟ್ಟಿದ್ದಾನೆ. ನೋಡಿ!"

ನಾವು ಒಬ್ಬೊಬ್ಬರಾಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆವು. ಹೊಟ್ಟೆಕಿಚ್ಚು ಪಡಬೇಕಿತ್ತು. ಅದರ ಬದಲು ಎದೆ ಉಬ್ಬಿತು, ನಮ್ಮವನು ಅಂತ.

ಫಕೀರೇಶ ಮಾತ್ರ ಇನ್ನೂ ಅಳುಕುತ್ತಿದ್ದ. "ಕಾಯಿಲೆನ ಬೆಳೆಸಿದ್ದಕ್ಕೆ ಹೆಮ್ಮೆ ಪಡೋದಾ ಮೇಡಂ?"

ಮೇಡಂ ಹೋಗಿ ಕಸದ ಡಬ್ಬಿಯ ಮುಚ್ಚಳ ಹಾಕಿದರು.

"ಪಡಬೇಕು ಕಣೋ. ಇನ್ನು ಈ ಬಟ್ಟಲುಗಳಲ್ಲೇ ಔಷಧಿ ಹಾಕಿ ನೋಡುವಾಗ ನಾವು ನೂರು ಸಲ ತಪ್ಪಬಹುದು. ಚಂಪಾಗೆ ಒಂದು ಸಲವೂ ನೋವಾಗಲ್ಲ."