ಬೆನ್ನ ಕಡೆ ಕೂತವಳು

“ಹನ್ನೆರಡು ವರ್ಷ ಕರೆದೆ ಗುರುಗಳೇ. ಭಗವಂತ ನನಗೆ ಬೆನ್ನು ಮಾಡಿ ಕೂತಿದ್ದಾನೆ. ಇನ್ನು ಯಾಕೆ ಕರೆಯಲಿ?” ಎಂದು ಶಿಷ್ಯನೊಬ್ಬ ಕೇಳಿದ. ಮಠ ಬಿಟ್ಟು ಹೋಗಲು ಅವನು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಕಣ್ಣು ಮುಚ್ಚಿ ಹೇಳತೊಡಗಿದರು.

ಮೊದಲೆಲ್ಲ ಬಯಲಾಟ ನೋಡುವವರು ಸುತ್ತಲೂ ಕೂರುತ್ತಿದ್ದರು. ನಡುವೆ ವೇಷ, ಮೇಲೆ ಆಕಾಶ, ಅಷ್ಟೆ. ಆಮೇಲೆ ಒಬ್ಬ ಅರಸ ವೇಷದ ಹಿಂದೆ ಗೋಡೆ ಕಟ್ಟಿಸಿ, ತಾನು ಮುಂದೆ ಕೂತ. ಅಂದಿನಿಂದ ವೇಷಗಾರರು ಒಂದೇ ದಿಕ್ಕಿಗೆ ನೋಡಿ ಅಳುವುದನ್ನು ಕಲಿತರು.

ಆ ಅರಮನೆಯ ವೇಷಗಾರನೊಬ್ಬ ಒಮ್ಮೆ ದೂರದ ಹಳ್ಳಿಗೆ ಬಂದ. ಅಲ್ಲಿ ಇನ್ನೂ ಹಳೆಯ ಪದ್ಧತಿ. ಕಣದ ನಡುವೆ ಆಟ. ಅವನದು ಮಗುವನ್ನು ಕಳೆದುಕೊಂಡ ತಾಯಿಯ ವೇಷ.

ಆ ಹಳ್ಳಿಯಲ್ಲಿ ನಿಜವಾಗಿಯೇ ಮಗನನ್ನು ಕಳೆದುಕೊಂಡ ಹೆಂಗಸೊಬ್ಬಳಿದ್ದಳು. ಮಣ್ಣು ಮಾಡಿದ ದಿನದಿಂದ ಅವಳು ಅತ್ತಿರಲಿಲ್ಲ. ನೀರು ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಅತ್ತರೆ ಬದುಕಿಯಾಳು ಎಂದು ಅವಳ ಅಣ್ಣ ಆಟಕ್ಕೆ ಕರೆತಂದ.

ವೇಷಗಾರನಿಗೆ ಇದನ್ನು ಹೇಳಿದ್ದರು. ಆದರೆ ಅವಳು ಎಲ್ಲಿ ಕೂತಿದ್ದಾಳೋ ಅವನಿಗೆ ತಿಳಿಯದು. ತನ್ನ ಕಣ್ಣೀರು ಹೇಗಾದರೂ ಅವಳಿಗೆ ಕಾಣಲೆಂದು ಅಳುತ್ತಲೇ ನಾಲ್ಕೂ ದಿಕ್ಕಿಗೆ ತಿರುಗಿದ. ಮತ್ತೆ ಮತ್ತೆ ತಿರುಗಿದ. ಜನ ನಕ್ಕುಬಿಟ್ಟರು. ಅವಳು ಅಳಲಿಲ್ಲ.

“ಏನಯ್ಯಾ, ಅಳೋಕೆ ಬಂದೆಯೋ, ಬುಗುರಿ ಆಗೋಕೆ ಬಂದೆಯೋ?” ಎಂದ ಅಣ್ಣ. “ನಿನಗೇನು, ನಾಳೆಯೂ ಆಟ ಇದೆ. ನನ್ನ ತಂಗಿಗೆ ಇನ್ನೆಷ್ಟು ನಾಳೆಗಳಿವೆಯೋ ಕಾಣೆ.”

ಮರುಸಂಜೆ ವೇಷಗಾರ ಯಾರನ್ನೂ ನೋಡಲಿಲ್ಲ. ಮರದ ಗೊಂಬೆಯನ್ನು ಮಡಿಲಲ್ಲಿ ಮಲಗಿಸಿಕೊಂಡು ಅದರ ಮೇಲೆ ಬಾಗಿದ. ಹಾಗೇ ಇದ್ದ. ಎಷ್ಟು ಹೊತ್ತೋ, ಕಣಕ್ಕೆ ಕಣವೇ ಒಂದು ಕನಸಿನೊಳಗೆ ಇಳಿದಂತಾಯಿತು. ಆಗ ಭಗವಂತನ ದಯೆ, ವೇಷಗಾರನ ಹಿಂದಿನಿಂದ ಒಂದು ಅಳು ಎದ್ದಿತು. ಅವನು ತಿರುಗಲಿಲ್ಲ.

ಆಟ ಮುಗಿದ ಮೇಲೆ ಅಣ್ಣ ಅವಳನ್ನು ಕರೆದುಕೊಂಡು ಬಂದ. ವೇಷಗಾರನಿಗೆ ಆಶ್ಚರ್ಯ. “ಅತ್ತದ್ದು ನೀನೇನಮ್ಮಾ? ಅಲ್ಲಿಂದ ನನ್ನ ಮುಖ ನಿನಗೆ ಕಾಣಲೇ ಇಲ್ಲವಲ್ಲ!”

“ಮುಖ ಯಾಕಪ್ಪಾ? ಮಗೂನ ಮೇಲೆ ಬಾಗಿದ ಆ ಬೆನ್ನು ಕಂಡಿತಲ್ಲ” ಎಂದಳು ಅವಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಹಸಿವಾಗ್ತಿದೆ ಕಣೋ ಅಣ್ಣಾ, ಮನೆಗೆ ನಡಿ” ಎಂದಳು.

ಗುರುಗಳು ಕಣ್ಣು ತೆರೆದು ಶಿಷ್ಯನನ್ನು ನೋಡಿದರು.

“ಭಗವಂತ ಯಾರ ಮೇಲೆ ಬಾಗಿ ಕೂತಿದ್ದಾನೆಂದು ಒಂದು ದಿನವಾದರೂ ಎದ್ದು ಹೋಗಿ ನೋಡಿದೆಯಾ, ಮಗೂ?”