ಭರಮಣ್ಣನ ಬೀಳದ ಗೂಡು

ಹಕ್ಕಿಯ ಪುಟ್ಟ ಕೊಕ್ಕಿಗೂ ನೇಯ್ಗೆ ಕಲಿಸಿದ ಆ ಭಗವಂತನಿಗೆ ಮೊದಲು ಕೈಮುಗಿಯೋಣ, ಮಕ್ಕಳೇ. ಆಮೇಲೆ ಕತೆ.

ಕಾಡಿನಂಚಿನ ಒಂದು ಹಾಳುಬಾವಿಯ ಮೇಲೆ ಈಚಲು ಮರವೊಂದು ಬಾಗಿ ನಿಂತಿತ್ತು. ಅದರ ಗರಿಗಳ ತುದಿಯಲ್ಲಿ ಗೀಜಗನ ಹಕ್ಕಿಗಳು ಗೂಡು ನೇಯುತ್ತಿದ್ದವು. ಗಂಡು ಗೂಡು ಕಟ್ಟಬೇಕು, ಹೆಣ್ಣು ಬಂದು, ಗೂಡನ್ನು ಗರಿಗೆ ಬಿಗಿದ ಗಂಟನ್ನು ಕೊಕ್ಕಿನಿಂದ ಜಗ್ಗಿ ನೋಡಿ ಒಪ್ಪಬೇಕು. ದೇವರು ಅವುಗಳಿಗೆ ಇಟ್ಟ ಕಟ್ಟಳೆ ಅದು.

ಹೊನ್ನಿ ಎಂಬ ಹೆಣ್ಣು ಗೀಜಗ, ಭರಮಣ್ಣ ಎಂಬ ಗಂಡಿನ ಗೂಡು ನೋಡಲು ಬಂದಳು. ಜಗ್ಗಲು ಕೊಕ್ಕು ಚಾಚಿದಳೋ ಇಲ್ಲವೋ, ಭರಮಣ್ಣ ಹಳದಿ ತಲೆ ಕೊಡವಿದ.

"ಏನಮ್ಮಾ, ನನ್ನ ಗಂಟನ್ನೇ ಪರೀಕ್ಷೆ ಮಾಡ್ತೀಯಾ? ನನ್ನ ಕೆಲಸ ಎಂಥದ್ದು ಅಂತ ಇಡೀ ಕಾಡಿಗೇ ಗೊತ್ತು!"

ಹೊನ್ನಿಗೆ ನಾಚಿಕೆಯಾಯಿತು. ಜಗ್ಗದೆಯೇ ಒಪ್ಪಿದಳು. ಎರಡು ಮೊಟ್ಟೆಯನ್ನೂ ಇಟ್ಟಳು.

ಒಂದು ದಿನ ಗಾಳಿಗೆ ಗೂಡು ವಾಲಿತು.

"ರೀ, ಗಂಟು ಸಡಿಲಾಗಿದೆ. ಇನ್ನೊಂದು ಎಳೆ ಸುತ್ತಿಬಿಡಿ."

"ನಾನು ಹಾಕಿದ ಗಂಟು ಸಡಿಲ ಆಗೋದಾ? ನಿನ್ನ ಕಣ್ಣಿಗೇನೋ ಆಗಿದೆ."

"ಹಾಗಾದರೆ ನಾನೇ ಸುತ್ತಲಾ?"

"ಸುತ್ತು, ಸುತ್ತು! ಭರಮಣ್ಣನ ಗೂಡಿಗೆ ಹೆಂಡತಿ ತೇಪೆ ಹಾಕಿದಳು ಅಂತ ನಾಲ್ಕು ಜನ ನಗಲಿ. ಅದೇ ತಾನೇ ನಿನಗೆ ಬೇಕಾದ್ದು?"

ಪಕ್ಕದ ಬೇವಿನ ಮರದಿಂದ ಗೊರವಂಕಜ್ಜಿ ಕೂಗಿದಳು: "ಲೋ ಭರಮಾ, ಇಲ್ಲಿಗೇ ಕಾಣ್ತಿದೆಯಲ್ಲೋ, ಗೂಡು ಜಾರ್ತಿದೆ!"

"ಮುದುಕಿಗೆ ಹೊಟ್ಟೆಕಿಚ್ಚು" ಎಂದ ಭರಮಣ್ಣ.

ಹೊನ್ನಿ ದಿನವೂ ಗಂಟನ್ನು ನೋಡುತ್ತಿದ್ದಳು. ಅವನ ಮಾತು ಕೇಳಿ ಕೇಳಿ, ತನ್ನ ಕಣ್ಣೇ ಸರಿಯಿಲ್ಲವೇನೋ ಅಂದುಕೊಂಡಳು. ಕೊನೆಗೆ ನೋಡುವುದನ್ನೇ ಬಿಟ್ಟಳು.

ಮಳೆಗಾಳಿ ಬೀಸಿತು. ಕಾಳು ಹೆಕ್ಕಿಕೊಂಡು ಬಂದ ಹೊನ್ನಿಗೆ ಗರಿಯ ತುದಿ ಬರಿದಾಗಿ ಕಂಡಿತು. ಗೂಡು ಬಾವಿಯ ನೀರಿನಲ್ಲಿ ತೇಲುತ್ತಿತ್ತು. ಮೊಟ್ಟೆಗಳು ಮುಳುಗಿಹೋಗಿದ್ದವು.

"ಅಯ್ಯೋ, ನಮ್ಮ ಗೂಡು!"

ಭರಮಣ್ಣ ಬಗ್ಗಿ ನೋಡಿದ. "ಅದು ಯಾರದೋ. ನನ್ನ ಗೂಡು ಬೀಳೋದಿಲ್ಲ."

"ಮತ್ತೆ ನಮ್ಮದು ಎಲ್ಲಿ?"

ಅವನು ಬರಿಗರಿಯತ್ತ ಕೊಕ್ಕು ತೋರಿದ. "ಇಲ್ಲೇ ಇದೆಯಲ್ಲ! ಕಾಣದಿದ್ದರೆ ನಿನ್ನ ಕರ್ಮ. ಬಿದ್ದೇ ಇದ್ದರೂ ಬೀಳಿಸಿದವಳು ನೀನೇ."

ತನ್ನ ಕಣ್ಣು ಮೊದಲಿನಿಂದಲೂ ಸರಿಯಾಗಿಯೇ ಇತ್ತು ಎಂದು ಹೊನ್ನಿಗೆ ಆಗ ತಿಳಿಯಿತು. ತಿಳಿದು ಏನು ಬಂತು? ಬಾವಿ ಮೊಟ್ಟೆಗಳನ್ನು ಹಿಂದಕ್ಕೆ ಕೊಡಲಿಲ್ಲ. ಅವಳು ಬೇವಿನ ಮರಕ್ಕೆ ಹೋಗಿ ಕುಳಿತಳು.

ಕೆಲವೇ ದಿನಗಳಲ್ಲಿ ಭರಮಣ್ಣ ಅದೇ ಗರಿಗೆ ಹೊಸ ಗೂಡು ತೂಗಿಬಿಟ್ಟ. ಎಳೆಯ ಹೆಣ್ಣೊಬ್ಬಳು ನೋಡಲು ಬಂದಳು.

"ಮೊದಲಿನವಳು ಹುಚ್ಚಿ. ಚಿನ್ನದಂಥ ಗೂಡನ್ನು ಬಾವಿಗೆ ನೂಕಿದಳು" ಎಂದು ಅವನು ನಿಟ್ಟುಸಿರು ಬಿಟ್ಟ.

ಹೊನ್ನಿ ಕೂಗಿ ಹೇಳಿದಳು: "ತಂಗೀ, ನನ್ನ ಮಾತನ್ನೂ ನಂಬಬೇಡ, ಅವನ ಮಾತನ್ನೂ ನಂಬಬೇಡ. ಗಂಟು ಜಗ್ಗಿ ನೋಡು. ಜಗ್ಗೋಕೆ ಬಿಡಲಿಲ್ಲವಾ, ಹೊರಟುಬಿಡು!"

ಹುಡುಗಿ ಕೊಕ್ಕು ಚಾಚಿದಳು.

"ಏನಮ್ಮಾ, ನನ್ನ ಗಂಟನ್ನೇ..." ಎಂದು ಭರಮಣ್ಣ ಶುರುಮಾಡುವಷ್ಟರಲ್ಲಿ ಅವಳು ಹಾರಿಹೋಗಿದ್ದಳು.

ಹೊನ್ನಿ ಒಮ್ಮೆ ಬಾವಿಯತ್ತ ನೋಡಿ, "ಶಿವನೇ" ಎಂದು ತಲೆಬಾಗಿದಳು.

ನೀತಿ: ತನ್ನ ತಪ್ಪು ಒಪ್ಪದವನು ಕಣ್ಣೆದುರಿನ ನಿಜವನ್ನೂ ಒಪ್ಪುವುದಿಲ್ಲ; ಅವನ ಮಾತು ಕೇಳಿ, ದೇವರು ಕೊಟ್ಟ ನಿಮ್ಮ ಕಣ್ಣನ್ನು ಅನುಮಾನಿಸಬೇಡಿ.

ಕೇಳಿದ ನಿಮಗೆಲ್ಲ ಕಂಡದ್ದನ್ನು ಕಂಡಂತೆ ಹೇಳುವ ಬಲವನ್ನು ಆ ಸ್ವಾಮಿ ಕೊಡಲಿ. ನಿಮ್ಮ ನಿಮ್ಮ ಗೂಡು ತಣ್ಣಗಿರಲಿ.